ಸುಣ್ಣದ ತಿಳಿ ಮತ್ತು ಎಂಟು ಪಟ್ಟಿನ ತಗಾದೆ

ಮೂರು ವಾರದಿಂದ ತಲೆ ತಿನ್ನುತ್ತಿದ್ದ ಸುಣ್ಣ ನಿನ್ನೆ ರಾತ್ರಿ ದಾರಿಗೆ ಬಂತು. ಪೂರ್ತಿ ಬಂದಿಲ್ಲ, ಮುಕ್ಕಾಲು ಬಂದಿದೆ.

ಸುಣ್ಣದ ದ್ರಾವ್ಯತಾ ಗುಣಲಬ್ಧವನ್ನು, ಅಂದರೆ ಇನ್ನು ಕರಗದಷ್ಟು ಕರಗಿದ ಮೇಲೆ ನೀರಿನಲ್ಲಿರುವ ಅದರ ಕ್ಯಾಲ್ಸಿಯಂ ಮತ್ತು ಹೈಡ್ರಾಕ್ಸೈಡ್ ಕಣಗಳ ಸಾರತೆಗಳನ್ನು ಗುಣಿಸಿ ಬರುವ ಅಂಕಿಯನ್ನು, ಮನೆಯಲ್ಲೇ ಅಳೆಯುವ ಹಟ ನನ್ನದು. ತಿಳಿ (ಸುಣ್ಣ ಪೂರ್ತಿ ಹೀರಿದ ಸ್ವಚ್ಛ ನೀರು) ಮಾಡುವುದು, ಆಮ್ಲದ ಸಾರತೆಯನ್ನು ಸೋಡಿಯಂ ಕಾರ್ಬೊನೇಟಿನ ಎದುರು ಸರಿನೋಡುವುದು ನಿಮಗೆ ಗೊತ್ತಿರುವ ಕೆಲಸ, ಬಿಡುತ್ತೇನೆ. ಸರಕಿನ ಗೋಳನ್ನು ಮಾತ್ರ ಬಿಡಲಾರೆ. ದಾವಣಗೆರೆಯ ಪೇಟೆಯಲ್ಲಿ ‘ಶುದ್ಧ’ ಎಂಬ ಚೀಟಿ ನೋಡಿ ತಂದ ಪುಡಿಗೆ ಆಮ್ಲ ಹಾಕಿದರೆ ಗೋಲಿ ಸೋಡಾದಂತೆ ನೊರೆ ಉಕ್ಕಿತು. ಗಾಳಿ ಕುಡಿದು ಕುಡಿದು ಬಹುಪಾಲು ಕಾರ್ಬೊನೇಟ್ ಆಗಿತ್ತು. ಮರಳಿಸಲು ಹೋದರೆ, “ಗೋಡೆಗೆ ಬಳಿಯಲು ಇಷ್ಟು ಸಾಕಲ್ಲವೇ ಸರ್?” ಎಂದರು. ಕೊನೆಗೆ ಸುಣ್ಣದ ಹರಳನ್ನೇ ತಂದು, ಕುದಿಸಿ ಆರಿಸಿದ ಡಿಸ್ಟಿಲ್ಡ್ ವಾಟರ್‌ನಲ್ಲಿ ಅರಳಿಸಿದೆ.

ಈಗ ಜಗಳಕ್ಕೆ ಬರೋಣ. ಬೆಳಗಿನ ಜಾವ ಕೋಣೆ 25 ಡಿಗ್ರಿ ಇರುವಾಗ ಸೋಸಿದ 10 ಮಿಲಿ ತಿಳಿಗೆ 0.05 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ. ಕ್ಷಾರ ಮುಗಿಯಿತೆಂದು ತೋರಿಸುವ ಸೂಚಕದ ಗುಲಾಬಿ ಬಣ್ಣ 8.6 ಮಿಲಿಗೆ ಹೋಯಿತು. ಮತ್ತೆ ಮಾಡಿದೆ, 8.6. ಅಂದರೆ ಹೈಡ್ರಾಕ್ಸೈಡ್ ಲೀಟರಿಗೆ 0.043 ಮೋಲ್, ಕ್ಯಾಲ್ಸಿಯಂ ಅದರ ಅರ್ಧ, 0.0215. ಕ್ಯಾಲ್ಸಿಯಂ ಸಾರತೆಯನ್ನು ಹೈಡ್ರಾಕ್ಸೈಡಿನ ವರ್ಗದಿಂದ ಗುಣಿಸಿದರೆ 4.0 × 10⁻⁵. ಪುಸ್ತಕದಲ್ಲಿ 5.0 × 10⁻⁶. ಎಂಟು ಪಟ್ಟು! ಪುಸ್ತಕದ ಮಾತು ನಿಜವಾದರೆ ಬ್ಯುರೆಟ್ (ಆಮ್ಲ ಹನಿಸುವ ಅಳತೆಯ ಕೊಳವೆ) 4.3ರಲ್ಲೇ ನಿಲ್ಲಬೇಕಿತ್ತು.

ಮೊದಲು ಇಂಗಾಲದ ಡೈಆಕ್ಸೈಡನ್ನು ಬೈದೆ. ಬೀಕರಿನ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತಿತ್ತು, ಗಾಜಿನ ಕಡ್ಡಿ ತಾಗಿಸಿದರೆ ಸುಕ್ಕುಗಟ್ಟಿ ಚೂರುಚೂರಾಗಿ ಮುಳುಗುತ್ತಿತ್ತು. ಆದರೆ ಆ ಕಳ್ಳ ಹೈಡ್ರಾಕ್ಸೈಡನ್ನು ಕದಿಯುತ್ತಾನೆಯೇ ಹೊರತು ತಂದು ಸುರಿಯುವುದಿಲ್ಲ; ನನ್ನ ಲೆಕ್ಕ ಹೆಚ್ಚಾಗಿದೆ, ಕಡಿಮೆಯಲ್ಲ. ಸೋಸುಕಾಗದದಿಂದ ನುಸುಳಿದ ಕಣಗಳಿರಬಹುದೆಂದು ಎರಡು ಬಾರಿ ಸೋಸಿದೆ. 8.6. ಅಜ್ಜಿ ತನ್ನ ಎಲೆಯಡಿಕೆ ತಟ್ಟೆಯಿಂದ ತಲೆ ಎತ್ತಿ, “ಬೆರಳ ತುದಿಯ ಸುಣ್ಣಕ್ಕೆ ಇಷ್ಟು ರಂಪವೇನಪ್ಪಾ?” ಎಂದರು.

ಆಮೇಲೆ ಅದೇ ಪುಸ್ತಕದ ಬೇರೊಂದು ಪುಟ ತೆರೆದೆ. ಸುಣ್ಣ 20 ಡಿಗ್ರಿಯಲ್ಲಿ ಲೀಟರಿಗೆ 1.73 ಗ್ರಾಂ ಕರಗುತ್ತದೆ ಎಂದಿದೆ. ಒಂದು ಮೋಲ್ ಸುಣ್ಣದ ತೂಕ 74.1 ಗ್ರಾಂ, ಅದರಿಂದ ಭಾಗಿಸಿ ನೋಡಿ: 0.0233. ನನ್ನ ಅಂಕಿಯ ಪಕ್ಕದ ಮನೆ! ಜಗಳ ನನಗೂ ಪುಸ್ತಕಕ್ಕೂ ಅಲ್ಲ, ಪುಸ್ತಕದ ಎರಡು ಪುಟಗಳ ನಡುವಿನದು.

ಅಂದು ರಾತ್ರಿ ತಿಳಿಯನ್ನು ಲೀಟರಿಗೆ 5.85 ಗ್ರಾಂ ಅಡುಗೆ ಉಪ್ಪು ಕರಗಿಸಿದ ನೀರಿನಲ್ಲಿ ಮಾಡಿದೆ. ಉಪ್ಪಿನಲ್ಲಿ ಕ್ಯಾಲ್ಸಿಯಂ ಇಲ್ಲ, ಹೈಡ್ರಾಕ್ಸೈಡೂ ಇಲ್ಲ. ಆದರೂ ಬ್ಯುರೆಟ್ 9.3ಕ್ಕೆ ಹೋಯಿತು. ಕುರ್ಚಿಯಿಂದ ಎದ್ದು ನಿಂತೆ.

ದುಗ್ಗಮ್ಮನ ಜಾತ್ರೆಯಲ್ಲಿ ಅಣ್ಣತಮ್ಮಂದಿರು ಹತ್ತಿರದಲ್ಲೇ ಇದ್ದರೂ ಜಂಗುಳಿಯಲ್ಲಿ ಒಬ್ಬರಿಗೊಬ್ಬರು ಸಿಗುವುದಿಲ್ಲವಲ್ಲ, ಹಾಗೆಯೇ ವಿದ್ಯುತ್ ಆವೇಶ ಹೊತ್ತ ಈ ಕಣಗಳು, ಅಯಾನುಗಳೂ. ಪ್ರತಿಯೊಂದರ ಸುತ್ತ ವಿರುದ್ಧ ಆವೇಶದವು ಮುತ್ತಿಕೊಳ್ಳುತ್ತವೆ. ಮತ್ತೆ ಹರಳಾಗಲು ಸಿಗುವವು ಕಡಿಮೆ. ಗುಣಲಬ್ಧಕ್ಕೆ ಬೇಕಾದದ್ದು ತಲೆ ಎಣಿಕೆಯಲ್ಲ, ಸಕ್ರಿಯತೆ, ಅಂದರೆ ನಿಜವಾಗಿ ಕೆಲಸಕ್ಕೆ ಸಿಗುವ ಪಾಲು. 1923ರಲ್ಲಿ ವಿಜ್ಞಾನಿಗಳಾದ ಡಿಬೈ ಮತ್ತು ಹುಕೆಲ್ ಹೇಳಿದ್ದು ಇದನ್ನೇ. ಆ ಪಾಲನ್ನು ಅಂದಾಜಿಸುವ ಡೇವೀಸ್ ಸಮೀಕರಣವನ್ನು ಉಪ್ಪಿಲ್ಲದ ತಿಳಿಗೆ ಹಾಕಿದರೆ ಹೈಡ್ರಾಕ್ಸೈಡಿಗೆ 0.81, ಎರಡು ಆವೇಶದ ಕ್ಯಾಲ್ಸಿಯಂಗೆ ಬರೀ 0.42. ಗುಣಿಸಿದಾಗ 1.1 × 10⁻⁵. ಎಂಟು ಪಟ್ಟು ಹೋಗಿ ಎರಡು ಪಟ್ಟಾಯಿತು.

ಉಳಿದದ್ದು ಜೋಡಿಗಳ ಪಾಲು. ಒಂದು ಕ್ಯಾಲ್ಸಿಯಂ ಒಂದು ಹೈಡ್ರಾಕ್ಸೈಡಿನ ಕೈ ಹಿಡಿದೇ ತಿರುಗುತ್ತದೆ. ಆಮ್ಲ ಆ ಜೋಡಿಯನ್ನೂ ಒಡೆದು ಎಣಿಸಿಬಿಡುತ್ತದೆ, ಟೈಟ್ರೇಷನ್ನಿಗೆ (ಈ ಆಮ್ಲ ಹನಿಸಿ ಅಳೆಯುವ ವಿಧಾನಕ್ಕೆ) ಅದು ಗೊತ್ತೇ ಆಗುವುದಿಲ್ಲ. ಜೋಡಿ ಎಷ್ಟು ಬಲವಾಗಿ ಕೂಡುತ್ತದೆ ಎಂದು ಹೇಳುವ ಸ್ಥಿರಾಂಕ 20ರ ಆಸುಪಾಸು ಎಂದು ಹಿಡಿದು ನಾಲ್ಕು ಸುತ್ತು ಲೆಕ್ಕ ತಿರುವಿದೆ. ಕ್ಯಾಲ್ಸಿಯಮ್ಮಿನ ಕಾಲುಭಾಗ ಜೋಡಿಯಲ್ಲೇ ಸಿಕ್ಕಿಬಿದ್ದಿದೆ. ಉತ್ತರ 7 × 10⁻⁶. ಮನೆಯ ಬ್ಯುರೆಟ್ಟಿಗೆ ಇದು ಸಾಕು.

ನಡುವೆ ಇನ್ನೊಂದು ಹುಚ್ಚು ಹತ್ತಿದೆ. ಸುಣ್ಣ ಬಿಸಿಯಾದಷ್ಟೂ ಕಡಿಮೆ ಕರಗುವ ಪ್ರಾಣಿ. 100 ಡಿಗ್ರಿಯಲ್ಲಿ ಲೀಟರಿಗೆ 0.66 ಗ್ರಾಂ ಅಷ್ಟೆ. ತಿಳಿಯನ್ನು ಕಾಯಿಸಿದರೆ ಕದಡುತ್ತದೆ. ವಾಟರ್ ಬಾತ್‌ಗೆ ಹಣ ಯಾಕೆ, ನಮ್ಮೂರಿನ ಏಪ್ರಿಲ್ ತಾರಸಿ ಪುಕ್ಕಟೆ ಇದೆಯಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಅಂಕಿ. ಅದಕ್ಕೂ ಮೊದಲು ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್). ಅಲ್ಲಿ ಎರಡೂ ಅಯಾನುಗಳಿಗೆ ಎರಡೆರಡು ಆವೇಶ, ಜೋಡಿಗಳ ಕಾಟ ಇನ್ನೂ ಜಾಸ್ತಿ. ಪುಡಿ ಬಂದಿದೆ, ಅದೇ ಅಂಗಡಿಯದು. ಚೀಟಿಯ ಮೇಲೆ ‘ಅತಿ ಶುದ್ಧ’ ಎಂದಿದೆ. ನಾಳೆ ಮೊದಲು ಎರಡು ಹನಿ ಆಮ್ಲ ಹಾಕಿ ನೋಡುತ್ತೇನೆ.