ಅವ್ವನ ಬ್ಯಾನಿ ನಿಂತದ್ದೇಕೆ

ಎಳ್ಳಮಾವಾಸ್ಯೆಯ ದಿನ ಬಸವನ ಬಾಗೇವಾಡಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಊಟಕ್ಕೆ ಕುಳಿತಾಗ, 74 ವರ್ಷದ ನನ್ನ ಅವ್ವ ಅರ್ಧ ಸಜ್ಜೆ ರೊಟ್ಟಿಯನ್ನೂ ಮುಗಿಸದೆ ಎದ್ದುಹೋಗಿ ವಾಂತಿ ಮಾಡಿಕೊಂಡಳು. ಬಿಸಿಲಿಗೆ ಪಿತ್ತ ಕೆರಳಿರಬೇಕೆಂದು ಎಲ್ಲರೂ ಅಂದರು. ನಾನೂ ಹಾಗೆಯೇ ತಿಳಿದೆ. ಮರುದಿನ ಗಂಜಿ ಕುಡಿದು ಆರಾಮವಾಗಿದ್ದಳು. ಮೂರನೆಯ ದಿನ ಮತ್ತೆ ಹೊಟ್ಟೆ ಉಬ್ಬಿತು, ರಾತ್ರಿಯ ಹೊತ್ತಿಗೆ ಇಳಿಯಿತು. ಊರಲ್ಲಿಯೇ ಗ್ಯಾಸಿಗೆ ಇಂಜೆಕ್ಷನ್ ಕೊಡಿಸಿದೆವು. ಐದನೆಯ ದಿನ ವಾಂತಿಗೆ ಮಲದ ವಾಸನೆ ಬಂದಾಗ ಹೆದರಿ ವಿಜಯಪುರಕ್ಕೆ ಕರೆತಂದೆವು.

ಅಲ್ಲಿಯ ಸರ್ಜನ್ ಮೊದಲು ಹಳೆಯ ಕಾಯಿಲೆಗಳನ್ನು ವಿಚಾರಿಸಿದರು. ನಾಲ್ಕು ವರ್ಷಗಳ ಹಿಂದೆ ಸ್ಕ್ಯಾನಿಂಗಿನಲ್ಲಿ ಅವ್ವನ ಪಿತ್ತಕೋಶದಲ್ಲಿ ದೊಡ್ಡ ಕಲ್ಲು ಕಂಡಿತ್ತು. "ಈ ವಯಸ್ಸಿನ್ಯಾಗ ಹೊಟ್ಟಿ ಕೊಯ್ಸಿಕೊಳ್ಳೂದು ಬ್ಯಾಡೋ ತಮ್ಮಾ" ಎಂದು ಆಕೆ ಹಟ ಹಿಡಿದಿದ್ದಳು, ನಾವು ಒತ್ತಾಯಿಸಲಿಲ್ಲ. ಉಂಡ ಮೇಲೆ ಬಲಪಕ್ಕೆಯ ಕೆಳಗೆ ಏಳುತ್ತಿದ್ದ ಆ ಬ್ಯಾನಿ, ಹೋದ ಮಳೆಗಾಲದಲ್ಲಿ ಒಂದು ವಾರ ಜ್ವರದೊಡನೆ ವಿಪರೀತವಾಗಿ ಕಾಡಿ, ಆಮೇಲೆ ಪೂರ್ತಿ ನಿಂತುಹೋಗಿತ್ತು. ವಾಸಿಯಾಯಿತೆಂದು ನಂಬಿ ನಾವು ಬಸವಣ್ಣನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದಿದ್ದೆವು.

ಸಿ.ಟಿ. ಸ್ಕ್ಯಾನ್ ಬೇರೆಯದನ್ನೇ ಹೇಳಿತು. ಪಿತ್ತರಸ ಮಾತ್ರ ಇರಬೇಕಾದ ನಾಳಗಳಲ್ಲಿ ಗಾಳಿ ತುಂಬಿತ್ತು. ಸಣ್ಣ ಕರುಳಿನ ಸುರುಳಿಗಳು ಉಬ್ಬಿದ್ದವು. ಅದರ ಕೊನೆಯಲ್ಲಿ ಸುಮಾರು ಮೂರೂವರೆ ಸೆಂಟಿಮೀಟರಿನ ಕಲ್ಲು ಸಿಕ್ಕಿಕೊಂಡಿತ್ತು. ಈ ಮೂರೂ ಗುರುತುಗಳು ಕೂಡಿದರೆ ಪಿತ್ತದ ಕಲ್ಲೇ ಕರುಳನ್ನು ಕಟ್ಟಿದೆಯೆಂದು ತಿಳಿಯಬೇಕೆಂಬುದನ್ನು 1941ರಲ್ಲಿಯೇ ರಿಗ್ಲರ್ ಎಂಬ ಅಮೆರಿಕದ ರೇಡಿಯಾಲಜಿ ತಜ್ಞರು ಬರೆದಿದ್ದರಂತೆ. ಸರ್ಜನ್ ಚೀಟಿಯ ಹಿಂಬದಿಗೆ ಚಿತ್ರ ಬರೆದು ತೋರಿಸಿದರು: ಪಿತ್ತಕೋಶವು ಸಣ್ಣ ಕರುಳಿನ ಮೊದಲ ಭಾಗಕ್ಕೆ ತಾಗಿಕೊಂಡೇ ಇರುತ್ತದೆ, ಮತ್ತೆ ಮತ್ತೆ ಉರಿಯೂತವಾದಾಗ ಎರಡೂ ಅಂಟಿಕೊಳ್ಳುತ್ತವೆ, ಕಲ್ಲಿನ ಒತ್ತಡಕ್ಕೆ ನಡುವಿನ ಗೋಡೆ ರಕ್ತ ಸಿಗದೆ ಕೊಳೆತು ತೂತಾಗುತ್ತದೆ. ಇರಬಾರದ ಈ ದಾರಿಯನ್ನೇ ಫಿಸ್ಟುಲಾ ಎನ್ನುತ್ತಾರೆ, ಕಲ್ಲು ಇದರಿಂದಲೇ ಕರುಳಿಗೆ ಇಳಿಯುತ್ತದೆ. ಸಣ್ಣ ಕಲ್ಲುಗಳಾದರೆ ಮಲದೊಡನೆ ಹೋಗಿಬಿಡುತ್ತವೆ, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡವು ಸಣ್ಣ ಕರುಳಿನ ತುದಿಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುವುದೇ ಹೆಚ್ಚು. ದಾರಿಯಲ್ಲಿ ಅಲ್ಲಲ್ಲಿ ಸಿಕ್ಕು, ಮತ್ತೆ ಜಾರಿ ಉರುಳುವುದರಿಂದ ವಾಂತಿಯೂ ಉಬ್ಬರವೂ ಬಂದು ಹೋಗುತ್ತವೆ. ನಮ್ಮ ನಾಲ್ಕು ದಿನಗಳು ಏಕೆ ಹಾಳಾದವೆಂಬುದು ನನಗೆ ಆಗ ತಿಳಿಯಿತು. ಮಳೆಗಾಲದ ಬ್ಯಾನಿ ನಿಂತದ್ದೂ, ತುಂಬಿದ ಪಿತ್ತಕೋಶ ಆ ತೂತಿನಿಂದ ಖಾಲಿಯಾದದ್ದಕ್ಕೇ ಇರಬೇಕೆಂದು ಅವರು ಹೇಳಿದರು.

ಹೊಟ್ಟೆ ತೆರೆಯುವುದೇ ಆದರೆ ಪಿತ್ತಕೋಶವನ್ನೂ ತೆಗೆದು ತೂತನ್ನೂ ಮುಚ್ಚಿಬಿಡಿ ಎಂದು ನಾನು ಬೇಡಿಕೊಂಡೆ. ಅವರು ಒಪ್ಪಲಿಲ್ಲ. ಐದು ದಿನಗಳಿಂದ ನೀರಿಲ್ಲದೆ ಬತ್ತಿದ, ಸಕ್ಕರೆ ಕಾಯಿಲೆಯೂ ಇರುವ ಮುದುಕಿಗೆ ಉದ್ದನೆಯ ಆಪರೇಷನ್ ತಾಳದು, ಈಗ ಕಲ್ಲು ತೆಗೆದರೆ ಸಾಕು, ಕಲ್ಲು ಉಳಿಯದಿದ್ದರೆ ಎಷ್ಟೋ ಸಲ ತೂತು ತಾನಾಗಿಯೇ ಮುಚ್ಚುತ್ತದೆ ಎಂದರು. ಅರ್ಧ ಕೆಲಸವೆಂದು ಅಂದು ನನಗೆ ಸಮಾಧಾನವಾಗಲಿಲ್ಲ. ಮೂಗಿಗೆ ನಳಿಕೆ, ಕೈಗೆ ಸಲೈನ್ ಹಾಕಿಸಿಕೊಂಡು ಮಲಗಿದ್ದ ಆಕೆಯ ಮುಖ ನೆನೆದರೆ ಅದೇ ಸರಿಯಾದ ನಿರ್ಧಾರವಾಗಿತ್ತೆಂದು ಈಗ ಅನ್ನಿಸುತ್ತದೆ. ಸಿಕ್ಕಿಬಿದ್ದ ಜಾಗದಲ್ಲಿ ಕರುಳು ಬಾತಿರುವುದರಿಂದ ಕಲ್ಲನ್ನು ತುಸು ಹಿಂದಕ್ಕೆ ಸರಿಸಿ, ಗಟ್ಟಿಯಿದ್ದ ಕಡೆ ಉದ್ದಕ್ಕೆ ಕೊಯ್ದು ತೆಗೆದು, ಕರುಳು ಕಿರಿದಾಗದಂತೆ ಅಡ್ಡಕ್ಕೆ ಹೊಲಿದರಂತೆ. ಇನ್ನೊಂದು ಕಲ್ಲು ಇದೆಯೇ ಎಂದು ಇಡೀ ಕರುಳನ್ನು ಕೈಯಿಂದ ತಡವಿ ನೋಡಿದ್ದನ್ನೂ ಹೇಳಿದರು.

ಎಂಟನೆಯ ದಿನ ಅವ್ವ ನುಚ್ಚು ಮಜ್ಜಿಗೆ ಉಂಡಳು. ಮನೆಗೆ ಕಳಿಸುವಾಗ ಸರ್ಜನ್ ಒಂದು ಮಾತನ್ನು ಎರಡು ಸಲ ಹೇಳಿದರು: ತೂತು ಮುಚ್ಚುವವರೆಗೆ ಕರುಳಿನ ರೋಗಾಣುಗಳು ಪಿತ್ತನಾಳಕ್ಕೆ ಏರಬಹುದು, ಆದ್ದರಿಂದ ಚಳಿಜ್ವರ ಬಂದರೆ ಅಥವಾ ಕಣ್ಣು ಹಳದಿಯಾದರೆ ಅದೇ ದಿನ ಕರೆತರಬೇಕು. ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.