ಬ್ರೌಸರ್‌ಗೆ ಒಪ್ಪಿಸಿದ ಪಾಸ್‌ವರ್ಡ್‌ಗಳು

ನಮ್ಮ ಮನೆಯ ಕಂಪ್ಯೂಟರನ್ನು ಅಪ್ಪ, ತಂಗಿ ಮತ್ತು ನಾನು ಬಹುಕಾಲ ಒಂದೇ ವಿಂಡೋಸ್ ಖಾತೆಯಲ್ಲಿ ಬಳಸುತ್ತಿದ್ದೆವು. ಆ ಖಾತೆಗೆ ಪಾಸ್‌ವರ್ಡ್ ಇರಲಿಲ್ಲ. ಈಚೆಗೆ ಅಪ್ಪ ಮರೆತಿದ್ದ ಒಂದು ಪಾಸ್‌ವರ್ಡನ್ನು ಹುಡುಕಲು ಕ್ರೋಮ್‌ನ ಸೆಟ್ಟಿಂಗ್ಸ್ ತೆರೆದು ಕಣ್ಣಿನ ಚಿಹ್ನೆಯನ್ನು ಒತ್ತಿದೆ. ಅದು ಏನನ್ನೂ ಕೇಳದೆ ತೋರಿಸಿತು. ಅವರ ಬ್ಯಾಂಕಿನ ಪಾಸ್‌ವರ್ಡನ್ನೂ ಹಾಗೆಯೇ ತೋರಿಸಿತು. ಅಂದು ನನಗೆ ನಿಜವಾಗಿಯೂ ಭಯವಾಯಿತು.

ಉಳಿಸಿದ ಪಾಸ್‌ವರ್ಡ್‌ಗಳನ್ನು ಕ್ರೋಮ್ 'ಲಾಗಿನ್ ಡೇಟಾ' ಎಂಬ, ಎಸ್‌ಕ್ಯೂಲೈಟ್ ಮಾದರಿಯ ದತ್ತಾಂಶ ಕಡತದಲ್ಲಿಡುತ್ತದೆ. ಜಾಲತಾಣದ ವಿಳಾಸ ಮತ್ತು ಬಳಕೆದಾರರ ಹೆಸರು ಅಲ್ಲಿ ಬಯಲಾಗಿಯೇ ಇರುತ್ತವೆ. ಪಾಸ್‌ವರ್ಡ್ ಮಾತ್ರ ಗೂಢಲಿಪಿಯಲ್ಲಿರುತ್ತದೆ. 2020ರಲ್ಲಿ ಬಂದ 80ನೇ ಆವೃತ್ತಿಯಿಂದ ಇದಕ್ಕೆ 256 ಬಿಟ್‌ಗಳ ಕೀಲಿಯ ಎಇಎಸ್ ಎಂಬ ಗೂಢಲಿಪಿ ವಿಧಾನ ಬಳಕೆಯಾಗುತ್ತಿದ್ದು, ಈ ಬೀಗವನ್ನು ಒಡೆಯುವುದು ಸಾಧ್ಯವಿಲ್ಲವೆನ್ನುವಷ್ಟು ಕಷ್ಟ. ಆದರೆ ಅದರ ಕೀಲಿಯೂ ಅದೇ ಡಿಸ್ಕ್‌ನಲ್ಲಿ, 'ಲೋಕಲ್ ಸ್ಟೇಟ್' ಎಂಬ ಇನ್ನೊಂದು ಕಡತದಲ್ಲಿದೆ. ಅದನ್ನು ಕಾಯುವುದು ನಮ್ಮ ವಿಂಡೋಸ್ ಲಾಗಿನ್. ಹೀಗಾಗಿ ಕಡತಗಳನ್ನಷ್ಟೇ ಬೇರೆ ಯಂತ್ರಕ್ಕೆ ಒಯ್ದವನಿಗೆ ಸುಲಭವಾಗಿ ಏನೂ ದಕ್ಕದಿದ್ದರೂ, ನಮ್ಮ ಖಾತೆಯೊಳಗೇ ಓಡುವ ಯಾವುದೇ ತಂತ್ರಾಂಶ ಕೇಳಿದರೆ ವಿಂಡೋಸ್ ಕೀಲಿಯನ್ನು ಬಿಚ್ಚಿಕೊಡುತ್ತಿತ್ತು. ಹಣ ಉಳಿಸಲೆಂದು ಇಳಿಸಿಕೊಳ್ಳುವ ಕ್ರ್ಯಾಕ್ (ಪರವಾನಗಿಯ ಬೀಗ ಮುರಿದ) ತಂತ್ರಾಂಶಗಳ ಜೊತೆ ಒಳನುಗ್ಗುವ, ರೆಡ್‌ಲೈನ್‌ನಂಥ ಮಾಹಿತಿಗಳ್ಳ ಮಾಲ್‌ವೇರ್‌ಗಳು (ದುರುದ್ದೇಶದ ತಂತ್ರಾಂಶಗಳು) ನೆಚ್ಚಿಕೊಂಡದ್ದು ಇದನ್ನೇ.

2024ರ ಜುಲೈನಲ್ಲಿ ಬಂದ 127ನೇ ಆವೃತ್ತಿಯಲ್ಲಿ ಗೂಗಲ್, ಕೀಲಿಯನ್ನು ಕ್ರೋಮ್‌ಗೇ ಕಟ್ಟಿಹಾಕುವ ಹೊಸ ರಕ್ಷಣೆಯನ್ನು ಮೊದಲು ಕುಕಿಗಳಿಗೆ, ಅಂದರೆ ನಮ್ಮ ಲಾಗಿನ್ ನೆನಪಿಡಲು ಜಾಲತಾಣಗಳು ಬ್ರೌಸರ್‌ನಲ್ಲಿಡುವ ಸಣ್ಣ ಮಾಹಿತಿಗಳಿಗೆ, ಅಳವಡಿಸಿತು. ಕೆಲವೇ ತಿಂಗಳಲ್ಲಿ ಕಳ್ಳರು ಅದನ್ನೂ ತಪ್ಪಿಸಿ ಹೋಗುವ ದಾರಿ ಕಂಡುಕೊಂಡರು. ಆದರೂ ಕಳ್ಳತನದ ಕೆಲಸ ಮೊದಲಿಗಿಂತ ಕಷ್ಟವಾಗಿದೆ, ಸದ್ದನ್ನೂ ಹೆಚ್ಚು ಮಾಡುತ್ತದೆ (ಅಂದರೆ ಸುಲಭವಾಗಿ ಪತ್ತೆಯಾಗುತ್ತದೆ) ಎಂಬುದು ಸಣ್ಣ ಸಂಗತಿಯಲ್ಲ.

ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಪ್ರೈಮರಿ ಪಾಸ್‌ವರ್ಡ್ (ಉಳಿಸಿದ ಎಲ್ಲ ಪಾಸ್‌ವರ್ಡ್‌ಗಳನ್ನು ಕಾಯುವ ಒಂದೇ ಮುಖ್ಯ ಪಾಸ್‌ವರ್ಡ್) ಇಡದಿದ್ದರೆ ಸ್ಥಿತಿ ಇನ್ನೂ ದುರ್ಬಲ: ಲಾಗಿನ್‌ಗಳ ಕಡತವನ್ನೂ ಕೀಲಿಯ ಕಡತವನ್ನೂ ನಕಲು ಮಾಡಿಕೊಂಡವನು ಅವನ್ನು ಎಲ್ಲಿ ಬೇಕಾದರೂ ತೆರೆಯಬಹುದು. ಅದನ್ನು ಇಟ್ಟರೆ ಮಾತ್ರ ಚಿತ್ರ ಬದಲಾಗುತ್ತದೆ, ಏಕೆಂದರೆ ಆಗ ಕೀಲಿಯನ್ನು ತೆರೆಯುವ ಗುಟ್ಟು ಡಿಸ್ಕ್‌ನಲ್ಲಿರದೆ ನಮ್ಮ ತಲೆಯಲ್ಲಿರುತ್ತದೆ. ಮರೆತರೆ ಉಳಿಸಿದ್ದೆಲ್ಲ ಹೋಗುತ್ತದೆ. ಆ ನಷ್ಟವನ್ನು ನಾನು ಒಪ್ಪಿಕೊಳ್ಳುತ್ತೇನೆ. ಆದರೆ ಒಮ್ಮೆ ಅದನ್ನು ಕೊಟ್ಟು ತೆರೆದ ಮೇಲೆ, ಬ್ರೌಸರ್ ಮುಚ್ಚುವವರೆಗೂ ಕೀಲಿ ತೆರೆದೇ ಇರುತ್ತದೆ ಎಂಬುದನ್ನು ಮರೆಯಬಾರದು.

ಈಗ ಮನೆಯ ಮೂವರಿಗೂ ಪ್ರತ್ಯೇಕ ವಿಂಡೋಸ್ ಖಾತೆಗಳಿವೆ, ಮೂರಕ್ಕೂ ಪಾಸ್‌ವರ್ಡ್ ಇದೆ. ಬ್ಯಾಂಕಿನದನ್ನು ಬ್ರೌಸರ್‌ನಿಂದ ಅಳಿಸಿ, ಬದಲಾಯಿಸಿದ್ದೇವೆ. ಅಪ್ಪ ಫೈರ್‌ಫಾಕ್ಸ್ ಬಳಸುತ್ತಾರೆ. ಅದರ ಪ್ರೈಮರಿ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಅವರೇ ಆರಿಸಿಕೊಂಡರು, ನನಗೂ ಹೇಳಲಿಲ್ಲ.