ಟ್ಯೂಬು ಹೊಳೆಯದಿದ್ದರೆ ಸ್ಯಾಂಪಲ್ ಖಾಲಿ ಅಂತಲ್ಲ

ತುಮಕೂರಿನಲ್ಲಿ ಏಪ್ರಿಲ್ ಬಂತೆಂದರೆ ಎಸಿ ಇಲ್ಲದ ಲ್ಯಾಬಿನಲ್ಲಿ ಆರ್‌ಎನ್‌ಎ ಸೆನ್ಸರ್ (ಹುಡುಕುವ ವಸ್ತು ಸಿಕ್ಕರೆ ಹೊಳೆಯುವಂತೆ ಮಾಡಿದ ಆರ್‌ಎನ್‌ಎ ಎಳೆ) ಬೆಳಗ್ಗೆ ಹೊಳೆದಂತೆ ಮಧ್ಯಾಹ್ನ ಹೊಳೆಯುವುದಿಲ್ಲ. ಹೊಸಬರು ಆರ್‌ಎನ್‌ಎ ಕೆಟ್ಟಿತು ಅಂತ ಎಸೆದುಬಿಡುತ್ತಾರೆ. ಎಸೆಯಬೇಡಿ, ಹೊಳಪು ಅಳೆಯುವ ರೀಡರನ್ನು 25 ಡಿಗ್ರಿಗೆ ಇಟ್ಟು ಮತ್ತೆ ಓದಿ.

ಕೈ ಪಳಗಲು ಥಿಯೋಫಿಲಿನ್ (ಆಸ್ತಮಾ ಔಷಧಿ) ಸೆನ್ಸರ್ ಒಳ್ಳೆಯದು. ಒಂದು ತುದಿಯಲ್ಲಿ ಥಿಯೋಫಿಲಿನ್ ಹಿಡಿಯುವ ಆಪ್ಟಮರ್ (ಒಂದೇ ವಸ್ತುವನ್ನು ಆರಿಸಿ ಹಿಡಿಯುವ ಆರ್‌ಎನ್‌ಎ ತುಣುಕು), ಇನ್ನೊಂದರಲ್ಲಿ ಬಣ್ಣ ಹಿಡಿದು ಹೊಳೆಯುವ ಬ್ರೊಕೊಲಿ ಎಂಬ ಆಪ್ಟಮರ್, ನಡುವೆ ಪುಟ್ಟ ಕಾಂಡ. ಥಿಯೋಫಿಲಿನ್ ಕೂತರೆ ಕಾಂಡ ಗಟ್ಟಿಯಾಗಿ ಬ್ರೊಕೊಲಿ ಮಡಚಿಕೊಳ್ಳುತ್ತದೆ, ಡಿಎಫ್‌ಎಚ್‌ಬಿಐ-1ಟಿ ಬಣ್ಣವನ್ನು ಹಿಡಿದು ಹಸಿರಾಗಿ ಹೊಳೆಯುತ್ತದೆ (472 ನ್ಯಾನೊಮೀಟರ್ ಬೆಳಕು ಕೊಟ್ಟು 507ರಲ್ಲಿ ಓದಬೇಕು). ಬಿಸಿಗೆ ಬಿಚ್ಚಿಕೊಳ್ಳುವುದು ಈ ಕಾಂಡವೇ. ಅದರಲ್ಲಿ ಒಂದು ಬೇಸ್ ಜೋಡಿ ಹೆಚ್ಚಾದರೂ ಸುಮ್ಮಸುಮ್ಮನೆ ಹೊಳೆಯಬಹುದು, ಕಡಿಮೆಯಾದರೆ ಎಷ್ಟು ಥಿಯೋಫಿಲಿನ್ ಸುರಿದರೂ ಮಿಸುಕದಿರಬಹುದು. ಹಾಗಾಗಿ ಮೂರು ನಾಲ್ಕು ಅಳತೆಯ ಕಾಂಡ ಒಟ್ಟಿಗೇ ಮಾಡಿಸಿ.

ಆರ್‌ಎನ್‌ಎಯನ್ನು ಬರೀ ನೀರಿನಲ್ಲಿ 90 ಡಿಗ್ರಿಗೆ 2 ನಿಮಿಷ ಕಾಯಿಸಿ, 5 ನಿಮಿಷ ಆರಲು ಬಿಟ್ಟು, ಆಮೇಲೆ ಬಫರ್ (ಪಿಎಚ್ ಕಾಯುವ ಉಪ್ಪಿನ ದ್ರಾವಣ) ಹಾಕಿ. ಮೆಗ್ನೀಸಿಯಂ ಸೇರಿಸಿ ಕಾಯಿಸಿದರೆ ಆರ್‌ಎನ್‌ಎ ತುಂಡಾಗುತ್ತದೆ. ಕೊನೆಯಲ್ಲಿ 100 ಮೈಕ್ರೊಲೀಟರಿನಲ್ಲಿ ಇರಬೇಕಾದ್ದು: ಪಿಎಚ್ 7.4ರ ಹೆಪಿಸ್ ಬಫರ್ 40 ಮಿಲಿಮೋಲಾರ್, ಪೊಟ್ಯಾಸಿಯಂ ಕ್ಲೋರೈಡ್ 100, ಮೆಗ್ನೀಸಿಯಂ ಕ್ಲೋರೈಡ್ 5, ಆರ್‌ಎನ್‌ಎ 0.5 ಮೈಕ್ರೊಮೋಲಾರ್. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ 1 ಮಿಲಿಮೋಲಾರ್ ಬಣ್ಣ 1 ಮೈಕ್ರೊಲೀಟರ್ ಸಾಕು. ಬೆಳಕು ತಾಗದಂತೆ ಫಾಯಿಲ್ ಸುತ್ತಿಡಿ. ಪೊಟ್ಯಾಸಿಯಂ ಬದಲು ಪಕ್ಕದ ಸೋಡಿಯಂ ಡಬ್ಬಿಗೆ ಕೈ ಹೋದರೆ ಹೊಳಪು ಸಪ್ಪೆ. ಬ್ರೊಕೊಲಿಯ ಒಳಗಿನ ಜಿ-ಕ್ವಾಡ್ರುಪ್ಲೆಕ್ಸ್ (ನಾಲ್ಕು ನಾಲ್ಕು ಜಿ ಬೇಸ್ ಸೇರಿದ ಅಟ್ಟಿ) ಭದ್ರವಾಗಿ ನಿಲ್ಲುವುದು ಪೊಟ್ಯಾಸಿಯಂ ಮೇಲೆ.

ಬಣ್ಣ ಮಾತ್ರ, ಥಿಯೋಫಿಲಿನ್ ಇಲ್ಲದ ಸೆನ್ಸರ್, ಥಿಯೋಫಿಲಿನ್ ಹಾಕಿದ ಸೆನ್ಸರ್, ಈ ಮೂರು ಟ್ಯೂಬ್ ಎಲ್ಲರೂ ಇಡುತ್ತಾರೆ. ಬಿಡುವುದು ನಾಲ್ಕನೆಯದನ್ನು: ಬರೀ ಬ್ರೊಕೊಲಿ ಜೊತೆಗೆ ಸ್ಯಾಂಪಲ್. ಅದೂ ಮಂಕಾದರೆ ತಪ್ಪು ಸ್ಯಾಂಪಲಿನದು. ಆರ್‌ಎನ್‌ಎ ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಸೇರಿರಬಹುದು, ಸ್ಯಾಂಪಲಿನ ಬಣ್ಣವೇ ಬೆಳಕು ನುಂಗಿರಬಹುದು, ಹುಳಿ ಹೆಚ್ಚಾಗಿ ಪಿಎಚ್ 6ರ ಕೆಳಗೆ ಇಳಿದಿರಬಹುದು. ಇಂಥ ದಿನ "ಥಿಯೋಫಿಲಿನ್ ಇಲ್ಲ" ಅಂತ ರಿಪೋರ್ಟ್ ಬರೆಯಬಾರದು.

ಕೋಲಾರದ ಕಡೆಯ ಗಡಸು ಕೊಳವೆಬಾವಿ ನೀರಿಗೆ ಥಿಯೋಫಿಲಿನ್ ಬೆರೆಸಿ ಅಭ್ಯಾಸ ಮಾಡುವಾಗ ಇದರ ಉಲ್ಟಾ ಆಗಬಹುದು. ನೀರಿನ ಮೆಗ್ನೀಸಿಯಂ ಕಾಂಡವನ್ನು ಬಿಗಿ ಮಾಡಿ, ಏನೂ ಹಾಕದ ಟ್ಯೂಬಿನಲ್ಲೂ ರೀಡಿಂಗ್ ಏರುತ್ತದೆ. ಸ್ಟ್ಯಾಂಡರ್ಡ್ ಕರ್ವನ್ನು (ಗೊತ್ತಿರುವ ಪ್ರಮಾಣಗಳಿಗೆ ಎಷ್ಟು ಹೊಳಪು ಎಂದು ತೋರಿಸುವ ಗೆರೆ) ಡಿಸ್ಟಿಲ್ಡ್ ನೀರಿನಲ್ಲಿ ಎಳೆಯದೆ ಅದೇ ನೀರಿನಲ್ಲಿ ಎಳೆಯಿರಿ.

ಕೆಫೀನ್ ಟ್ಯೂಬ್ ಒಂದು ಇರಲಿ. ಥಿಯೋಫಿಲಿನ್‌ಗಿಂತ ಒಂದು ಮೀಥೈಲ್ ಹೆಚ್ಚು, ಅಷ್ಟೇ. ಆದರೂ ಆಪ್ಟಮರ್ ಅದನ್ನು ಹಿಡಿಯುವ ಬಲ ಸುಮಾರು 10,000 ಪಟ್ಟು ಕಡಿಮೆ. ಅದು ಹೊಳೆದರೆ ಪಿಪೆಟ್ ಟಿಪ್ ಬದಲಿಸಿದಿರಾ ನೋಡಿ.